ಬಣ್ಣ ಸುರಿದವರು ಮನೆಗೆ ಬರಬಾರದು

ಮಾರ್ಚ್ 4, ಸೋಮವಾರ

ಗಂಡನನ್ನು ಮನೆಯಿಂದ ಆಚೆ ಹಾಕಿದ್ದಾಯಿತು. ಒಂದು ಸೂಟ್‌ಕೇಸು, ಎರಡು ಜೊತೆ ಹಳೆ ಬಟ್ಟೆ, ಮತ್ತೆ ಆ ಹಾಳು ರೇಡಿಯೋ. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ರೂಮು ಹಿಡಿದಿದ್ದಾರೆ. ಎದುರುಮನೆಯವಳು ಬಾಲ್ಕನಿಯಲ್ಲಿ ಬಟ್ಟೆ ಹರವುವ ನೆಪ ಮಾಡಿಕೊಂಡು ನಿಂತು ನೋಡಿದಳು. ನೋಡಲಿ, ನನಗೇನು.

ಅತ್ತೆ ಮಾತ್ರ ಬಿಡಲಿಲ್ಲ. “ಅಲ್ಲಮ್ಮಾ, ನೀರು ಎಲ್ಲಿಗೆ ಹೋಗುತ್ತೆ ಅಂತ ನೋಡೋದಕ್ಕೆ ನನ್ನ ಮಗ ಯಾಕೆ ಮನೆ ಬಿಟ್ಟು ಹೋಗ್ಬೇಕು?” ಎಂದು ಕೇಳಿದರು. ಪ್ರತಿ ಸಲ ಕೇಳುತ್ತಾರೆ, ಪ್ರತಿ ಸಲ ಹೇಳುತ್ತೇನೆ. ನಿಮ್ಮ ಮಗ ಬೆಟ್ಟದ ಮೇಲೆ ಕ್ವಾರಿ ಹೊಂಡದ ಪಕ್ಕದ ಬಿರುಕಿನಲ್ಲಿ ಹಸಿರು ಬಣ್ಣ ಸುರಿಯುತ್ತಾರೆ. ನಾನು ಕೆಳಗೆ ಊರಿನ ಒರತೆಯಲ್ಲಿ ಇದ್ದಿಲಿನ ಪೊಟ್ಟಣ ಇಳಿಬಿಡುತ್ತೇನೆ. ಬಣ್ಣ ಅಲ್ಲಿಂದ ಇಲ್ಲಿಗೆ ಬಂದರೆ ಇದ್ದಿಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಬಣ್ಣದ ಪುಡಿ ಎಂಥ ಪೋಲಿ ಎಂದರೆ, ಉಗುರಿನ ಸಂದಿಯಲ್ಲೋ ತೋಳಿನ ಮಡಿಕೆಯಲ್ಲೋ ಒಂದು ಕಣ ಕೂತರೂ ಸಾಕು, ಕಣ್ಣಿಗೆ ಕಾಣದಿದ್ದರೂ ಯಂತ್ರಕ್ಕೆ ಕಾಣುತ್ತದೆ. ಆದ್ದರಿಂದ ಬಣ್ಣ ಸುರಿದವರು ಪೊಟ್ಟಣ ಮುಟ್ಟುವವರ ಮನೆಗೆ ಬರಬಾರದು. ಗಂಡನಾಗಲಿ, ಗವರ್ನರ್ ಆಗಲಿ.

“ನಿಮ್ಮ ಮಾವ ಇದ್ದಿದ್ರೆ…” ಎಂದು ಶುರು ಮಾಡಿದರು. ನಾನು ಕುಕ್ಕರ್ ಇಡಲು ಎದ್ದುಹೋದೆ.

ನಿಜ ಹೇಳಬೇಕೆಂದರೆ ಮನೆ ನೆಮ್ಮದಿಯಾಗಿದೆ. ಮಂಚದ ಮೇಲೆ ಒದ್ದೆ ಟವೆಲಿಲ್ಲ. ಎಲ್ಲದಕ್ಕೂ ಒಂದು ಜೋಕು ಹೇಳಿ ತಾನೇ ನಗುವವರಿಲ್ಲ. ಈ ಮನುಷ್ಯನಿಗೆ ಬಣ್ಣ ಸುರಿಯುವ ಕೆಲಸ ಕೊಟ್ಟಿರುವುದೇ ಅದಕ್ಕೆ: ಸುರಿಯುವುದಕ್ಕೆ ಅಚ್ಚುಕಟ್ಟು ಬೇಕಿಲ್ಲ.

ಮಾರ್ಚ್ 7, ಗುರುವಾರ

ಒರತೆಯ ಹತ್ತಿರ ಹೋದರೆ ಸಾಕು, ನರ್ಸಮ್ಮ ಪ್ರತ್ಯಕ್ಷ. ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ನೋಡಿಕೊಳ್ಳುವ ಹೆಂಗಸು. ಊರಿನ ಅರ್ಧ ಜನ ಇವಳ ಕೈಯಲ್ಲೇ ಭೂಮಿಗೆ ಬಂದವರು. ಹಾಗಾಗಿ ಕೂಗಾಡುವ ಹಕ್ಕೂ ತನಗಿದೆ ಎಂದುಕೊಂಡಿದ್ದಾಳೆ. ಕ್ವಾರಿ ವಿರೋಧಿ ಸಮಿತಿಗೆ ಅಧ್ಯಕ್ಷೆ, ಕಾರ್ಯದರ್ಶಿ, ಧ್ವನಿವರ್ಧಕ ಎಲ್ಲವೂ ಇವಳೇ.

“ಮೇಡಂ, ಹಸಿರು ಬರುತ್ತೆ ತಾನೆ?”

“ಬಂದರೆ ಬರುತ್ತೆ.”

“ಬಂದರೆ ಅಂದ್ರೇನು ಮೇಡಂ, ಬರ್ಲೇಬೇಕು. ಚರ್ಮದ ಕಾರ್ಖಾನೆಯವರು ಕೆಸರು ತಂದು ಆ ಹೊಂಡಕ್ಕೆ ತುಂಬಿಸ್ತಾರಂತೆ. ಆ ವಿಷ ಎಲ್ಲ ಈ ಒರತೆಗೆ ಇಳಿದ್ರೆ ಊರಿಗೆ ಊರೇ ಏನು ಕುಡೀಬೇಕು? ನನ್ನ ವಾರ್ಡಿನ ಕೂಸುಗಳಿಗೆ ಯಾವ ನೀರು ಕೊಡ್ಲಿ?”

ಇಡೀ ಊರಿನ ನಲ್ಲಿಗೆ ಈ ಒರತೆಯ ನೀರೇ. ನಮ್ಮ ಮನೆಯದೂ ಸೇರಿ. ಅದು ನನಗೂ ಗೊತ್ತು. ಆದರೂ, ವಿಜ್ಞಾನಕ್ಕೆ ಬೇಕು, ಬೇಡ ಎಂಬುದಿಲ್ಲ ಎಂದೆ. ಹೇಳಿದ ರೀತಿ ಚೆನ್ನಾಗಿತ್ತು, ನನಗೇ ಹಿಡಿಸಿತು. ಅವಳು ಮೂಗು ಮುರಿದು ಹೋದಳು.

ಮಾರ್ಚ್ 12, ಮಂಗಳವಾರ

ಮೊದಲ ಪೊಟ್ಟಣ ತೆಗೆದು ಹೊಸದನ್ನು ಇಳಿಬಿಟ್ಟು ಬಂದೆ. ಇದ್ದಿಲನ್ನು ತೊಳೆದು ಯಂತ್ರದ ದೀಪದ ಕೆಳಗಿಟ್ಟೆ. ಏನೂ ಇಲ್ಲ, ಕಗ್ಗತ್ತಲು.

ನಮ್ಮ ಲ್ಯಾಬಿನ ಸಾಹೇಬರ ಕೋಣೆಗೆ ಹೋಗಿ, ಬಣ್ಣವೊಂದನ್ನೇ ನೆಚ್ಚಿಕೊಳ್ಳುವುದು ಬೇಡ, ನೀರಿನ ಭಾರವನ್ನೂ ನೋಡಿಸೋಣ ಎಂದೆ. ಬಯಲಲ್ಲಿ ನಿಂತ ನೀರಿನಿಂದ ಹಗುರವಾದ ಕಣಗಳು ಬಿಸಿಲಿಗೆ ಮೊದಲು ಹಾರಿಹೋಗುತ್ತವೆ, ಭಾರದವು ಉಳಿಯುತ್ತವೆ. ನೆಲದೊಳಗೆ ಇಳಿದ ಮೇಲೂ ಆ ಗುರುತು ಅಳಿಯುವುದಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಅದಕ್ಕೆ ಹೊರಗಿನ ಲ್ಯಾಬಿನ ಮುಂದೆ ಕೈಕಟ್ಟಿ ನಿಲ್ಬೇಕು. ಕೊನೆಗೆ ಬರೋದು ಒಂದು ಅಂಕಿ. ಅಂಕಿ ಯಾರಿಗಮ್ಮ ಅರ್ಥ ಆಗುತ್ತೆ? ಹಸಿರು ಅಂದ್ರೆ ಹಸಿರು. ಇಪ್ಪತ್ತೆಂಟಕ್ಕೆ ವಿಚಾರಣೆ, ಅಷ್ಟರಲ್ಲಿ ಬಂದ್ರೆ ಬಂತು. ಇಲ್ಲದಿದ್ರೆ ಅಧಿಕಾರಿಗಳು ಅನುಮತಿ ಕೊಡ್ತಾರೆ, ಮುಗೀತು.”

ಸಂಜೆ ಲಾಡ್ಜಿನಿಂದ ಫೋನು. “ದೊರೆಸಾನಿ, ನಿಮ್ಮ ಗಡೀಪಾರಾದ ಪ್ರಜೆ ಮಾತಾಡ್ತಿದ್ದೀನಿ.” ಬೇಗ ಮುಗಿಸಿದೆ.

ಮಾರ್ಚ್ 16, ಶನಿವಾರ

ಸಂಜೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಎತ್ತಲು ಹೋದರೆ ಕಿರುಚುತ್ತಾರೆ, ಬಿಟ್ಟರೆ ಅಳುತ್ತಾರೆ. ಆಂಬುಲೆನ್ಸು ಬೇರೆ ಕಡೆ ಹೋಗಿದೆ ಎಂದರು. ಎದುರುಮನೆಗೆ ಬೀಗ; ಬೇಕಾದಾಗ ಇರುವುದಿಲ್ಲ ಅವಳು. ಇವರಿಗೆ ಫೋನು ಮಾಡಿದೆ. ಬಣ್ಣವನ್ನು ಒಳಕ್ಕೆ ತಳ್ಳಲು ಬಿರುಕಿಗೆ ನೀರು ಬಿಟ್ಟು ಆಗಷ್ಟೇ ಬೆಟ್ಟ ಇಳಿಯುತ್ತಿದ್ದರಂತೆ. ನೆಟ್ಟಗೆ ಬಂದರು.

ಬಂದವರು ಹೊಸ್ತಿಲಾಚೆ ನಿಂತು, “ಬರಲಾ?” ಎಂದರು. ಒಳಗೆ ಹೆತ್ತ ತಾಯಿ ನರಳುತ್ತಿದ್ದಾರೆ, ಆ ಮನುಷ್ಯ ಸ್ವಂತ ಮನೆಯ ಬಾಗಿಲಲ್ಲಿ ನಿಂತು ನನ್ನ ಅಪ್ಪಣೆ ಕೇಳುತ್ತಿದ್ದಾರೆ. “ಅಯ್ಯೋ, ಬನ್ನಿ ರೀ!” ಎಂದು ಕಿರುಚಿದೆ. ಕುರ್ಚಿ, ಚೀಲ, ಚಪ್ಪಲಿ ಸ್ಟ್ಯಾಂಡು, ದಾರಿಗೆ ಅಡ್ಡವಿದ್ದದ್ದನ್ನೆಲ್ಲ ಎಳೆದು ಪಕ್ಕಕ್ಕೆ ಹಾಕಿದರು. ಅತ್ತೆಯನ್ನು ಬಚ್ಚಲಿನಿಂದ ಹಾಸಿಗೆಗೆ ಸರಿಸಿ, ಹಾಸಿಗೆಯ ಸಮೇತ ಎತ್ತಿಕೊಂಡು ಕಾರಿನಲ್ಲಿ ಮಲಗಿಸಿದೆವು.

ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು, ಆಪರೇಷನ್ ಬೇಡ, ಅಲುಗಾಡದೆ ಮಲಗಿರಬೇಕು ಎಂದರು ಡಾಕ್ಟರು. ಇವರು ಆಸ್ಪತ್ರೆಯ ಗೇಟಿನಿಂದಲೇ ಲಾಡ್ಜಿಗೆ ಹೋದರು. ಕಣ್ಣು ಕೆಂಪಾಗಿತ್ತು. ಜೋಕು ಹೇಳಲಿಲ್ಲ.

ಮನೆಗೆ ಬಂದು ಬಾಗಿಲ ಹಿಡಿ, ನೆಲ, ಕುರ್ಚಿ, ಕಾರಿನ ಸೀಟು ಎಲ್ಲ ಉಜ್ಜಿ ಒರೆಸಿದೆ. ಬಟ್ಟೆ ಬೇರೆ ನೆನೆಹಾಕಿದೆ. ಕೈಯನ್ನು ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದೆ. ಸಾಕು, ಇದಕ್ಕಿಂತ ಇನ್ನೇನು ಮಾಡಲಿ.

ಮಾರ್ಚ್ 19, ಮಂಗಳವಾರ

ಬಂತು! ಹಸಿರು ಬಂತು!

ಪೊಟ್ಟಣ ತೆಗೆದುಕೊಂಡು ಬರುವಾಗಲೇ ನರ್ಸಮ್ಮ ಬೆನ್ನು ಹತ್ತಿದ್ದಳು. ಬೇಡ ಎಂದರೂ ಲ್ಯಾಬಿನ ಬಾಗಿಲವರೆಗೆ ಬಂದಳು, ಬಾಗಿಲಿಂದ ಮೇಜಿನವರೆಗೆ ಬಂದಳು. ದ್ರಾವಣವನ್ನು ದೀಪದ ಕೆಳಗಿಟ್ಟರೆ ಯಂತ್ರದ ಪರದೆಯ ಗೆರೆ ಮೇಲಕ್ಕೆ ಜಿಗಿಯಿತು. ನನ್ನ ಎದೆಯೂ ಅದರ ಜೊತೆಗೇ ಜಿಗಿಯಿತು. “ಇದೇನಾ ಮೇಡಂ? ಇದೇನಾ?” ಎಂದು ನನ್ನನ್ನು ತಬ್ಬಿಕೊಂಡು, ಅಳುತ್ತಾ, ನಗುತ್ತಾ, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಬೀದಿಗೆ ಓಡಿದಳು. ಸ್ವಲ್ಪ ಹೊತ್ತಿಗೆ ಪಟಾಕಿ ಸದ್ದು ಕೇಳಿಸಿತು. ಹಣ್ಣಿನ ಅಂಗಡಿಯವನು ನನಗೆ ಒಂದು ಚೀಲ ಕಿತ್ತಳೆ ಕೊಟ್ಟು, “ಅಮ್ಮಾ, ಊರನ್ನ ಉಳಿಸಿದ್ರಿ” ಎಂದ. ಬೇಡ ಎಂದೆ, ಆದರೂ ತೆಗೆದುಕೊಂಡೆ.

ಕ್ರಮವಾಗಿ ಮೊದಲು ಖಾಲಿ ಪೊಟ್ಟಣ ನೋಡಬೇಕಿತ್ತು. ಒರತೆಗೆ ಇಳಿಸದೆ, ಸುಮ್ಮನೆ ಚೀಲದಲ್ಲೇ ಜೊತೆಗೆ ಹೋಗಿ ಬರುವ ಪೊಟ್ಟಣ ಅದು. ಅದರಲ್ಲಿ ಏನೂ ಕಾಣಬಾರದು. ಕಂಡರೆ ಕೊಳೆ ನಮ್ಮದೇ ಎಂದು ಅರ್ಥ. ಈ ಗದ್ದಲದಲ್ಲಿ ಎಲ್ಲಿ ನೋಡುವುದು. ನಾಳೆ ನೋಡಿದರಾಯಿತು.

ಮಾರ್ಚ್ 20, ಬುಧವಾರ

ಖಾಲಿ ಪೊಟ್ಟಣವೂ ಹೊಳೆಯುತ್ತಿದೆ.

ಮಾರ್ಚ್ 22, ಶುಕ್ರವಾರ

ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ. ನಿನ್ನೆ ಏನೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ.

ಸರಿಯಾಗಿ ಯೋಚಿಸೋಣ. ಖಾಲಿಯದು ಒರತೆಯದಕ್ಕಿಂತ ಮಂದವಾಗಿದೆ. ಅಂದರೆ ಒರತೆಯದರಲ್ಲಿ ಹೆಚ್ಚಿಗೆ ಇರುವ ಪಾಲು ನಿಜವಾದ ಬಣ್ಣವೇ ಇರಬಹುದಲ್ಲ? ಇರಬಹುದು. ಹಾಗಂತ ವಾದ ಮಾಡುವವರಿದ್ದಾರೆ. ಸಾಹೇಬರು ವರದಿಯನ್ನು ಟೈಪು ಮಾಡಿಸಿಯೇ ಬಿಟ್ಟಿದ್ದಾರೆ, ಒಂದೇ ಹಾಳೆ, ‘ಬಣ್ಣ ಪತ್ತೆಯಾಗಿದೆ’. ಅದು ಸುಳ್ಳಲ್ಲ. ಪತ್ತೆಯಾಗಿದೆ. ಖಾಲಿ ಪೊಟ್ಟಣದ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದೆ ಇದ್ದದ್ದನ್ನು ಹೇಳಬೇಕೆಂದು ಎಲ್ಲಿ ಬರೆದಿದೆ?

ಹಿಂದೆ ನನ್ನ ಕೈಕೆಳಗೆ ಕಲಿಯಲು ಬಂದ ಹುಡುಗಿಯೊಬ್ಬಳು ಹೀಗೇ ಮಾತಾಡಿದ್ದಕ್ಕೆ ಅವಳನ್ನು ಲ್ಯಾಬಿನಿಂದಲೇ ಓಡಿಸಿದ್ದೆ. ಆದರೆ ಅದು ಬೇರೆ ವಿಷಯ. ಅಲ್ಲಿ ಯಾರ ಊರೂ ಮುಳುಗುತ್ತಿರಲಿಲ್ಲ.

ಮಾರ್ಚ್ 23, ಶನಿವಾರ

ಇವರ ಫೋನು. ಅತ್ತೆಯ ಸೊಂಟ ವಿಚಾರಿಸಿದರು, ಊರಿನ ಪಟಾಕಿಯ ಸುದ್ದಿ ಹೇಳಿದರು. ಆಮೇಲೆ, “ಖಾಲಿದು ಏನಾಯ್ತು?” ಎಂದರು.

“ಸರಿಯಾಗಿದೆ” ಎಂದೆ.

ಮದುವೆಯಾದಾಗಿನಿಂದ ಈ ಮನುಷ್ಯನಿಗೆ ಬಾಯಿಗೆ ಬಂದದ್ದೆಲ್ಲ ಅಂದಿದ್ದೇನೆ, ಕೆಲಸದ ವಿಷಯದಲ್ಲಿ ಸುಳ್ಳು ಹೇಳಿದ್ದು ಇದೇ ಮೊದಲು. ಅವರಿಗೆ ಗೊತ್ತಾಯಿತು. ನನ್ನ ಉಸಿರಿನಲ್ಲೇ ಗೊತ್ತಾಗುತ್ತದೆ ಅವರಿಗೆ.

“ನೋಡು, ನಾನೂ ಒಂದು ಮಾತು ಹೇಳ್ಬೇಕಿತ್ತು,” ಎಂದರು. “ಅವತ್ತು ಅಮ್ಮನ್ನ ಎತ್ತೋಕೆ ಬಂದಾಗ ಬಾಗಿಲ ಹತ್ತಿರ ನಿನ್ನ ಪೊಟ್ಟಣದ ಚೀಲ ಇತ್ತಲ್ಲ, ಬಾಯಿ ತೆರೆದಿತ್ತು. ಅದನ್ನ ಎತ್ತಿ ಆಚೆ ಹಾಕಿದ್ದು ನಾನೇ. ಕೈ ತೊಳೆದಿರ್ಲಿಲ್ಲ. ಪಟಾಕಿ ಸದ್ದು ಕೇಳಿದಾಗ ನೆನಪಾಯ್ತು.”

“ಆಗಲೇ ಯಾಕೆ ಹೇಳ್ಲಿಲ್ಲ?”

“ನಿನ್ನ ಖಾಲಿ ಪೊಟ್ಟಣ ಹೇಳುತ್ತೆ ಅಂತ ಸುಮ್ಮನಿದ್ದೆ. ಅದು ನನಗಿಂತ ನಿಯತ್ತಿನದು.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆ ಪೂರ್ತಿ ಒರೆಸಿದೆ, ಚೀಲವನ್ನು ಮರೆತೆ! ಮುಟ್ಟಿದ್ದು ಅವರು, ಮರೆತದ್ದು ನಾನು. “ಹೇಳಿದ್ರೆ ಊರು ಹಾಳಾಗುತ್ತೆ ರೀ. ಕಾರ್ಖಾನೆ ಲಾರಿಗಳು ಬಂದು ನಿಂತಿವೆ,” ಎಂದೆ.

“ನೀನು ಹೇಳು ಅಂತ ನಾನು ಹೇಳ್ತಿಲ್ಲ. ಹೇಳದೇ ಇದ್ರೆ ನಿನಗೆ ನಿದ್ದೆ ಬರಲ್ಲ, ಅಷ್ಟೇ ನನ್ನ ಚಿಂತೆ.”

ಫೋನು ಇಟ್ಟುಬಿಟ್ಟೆ. ಅವರ ಮೇಲೆ ಕೂಗಾಡಬೇಕಿತ್ತು, ಅದೂ ಆಗಲಿಲ್ಲ.

ಮಾರ್ಚ್ 25, ಸೋಮವಾರ

ಎದೆಯೊಳಗಿನದನ್ನು ಯಾರಿಗಾದರೂ ಹೇಳದಿದ್ದರೆ ಒಡೆದುಹೋಗುತ್ತೇನೆ ಎನ್ನಿಸಿತು. ಆಸ್ಪತ್ರೆಗೆ ಹೋಗಿ ನರ್ಸಮ್ಮನಿಗೇ ಹೇಳಿದೆ. ಬಟ್ಟೆ ಮಡಿಸಿಡುವ ಸಣ್ಣ ಕೋಣೆ, ಎರಡೂ ಕಡೆ ಬಿಳಿ ದುಪ್ಪಟಿಗಳ ರಾಶಿ. ಪೂರ್ತಿ ಕೇಳಿಸಿಕೊಂಡು ಎದ್ದು ಬಾಗಿಲು ಹಾಕಿ ಬಂದರು.

“ಈ ಮಾತು ಈ ಕೋಣೆ ದಾಟಬಾರ್ದು ಮೇಡಂ.”

“ನರ್ಸಮ್ಮಾ, ಅದು ತಪ್ಪು ಫಲಿತಾಂಶ.”

“ತಪ್ಪು ಅಂತ ನಿಮಗೆ ಖಾತ್ರಿ ಇದೆಯಾ? ನೀರು ಬರೋದೇ ಇಲ್ಲ ಅಂತ ಎದೆ ಮುಟ್ಟಿಕೊಂಡು ಹೇಳ್ತೀರಾ?”

“ಇಲ್ಲ. ಬಣ್ಣ ಕೆಲವು ಸಲ ಮಣ್ಣಿಗೆ ಅಂಟಿಕೊಂಡು ತಿಂಗಳುಗಟ್ಟಲೆ ತಡ ಆಗುತ್ತೆ. ಬರಬಹುದು, ಬರದೇನೂ ಇರಬಹುದು.”

“ಮತ್ತೆ! ನೀವು ಸುಳ್ಳು ಹೇಳೋದು ಬೇಡ. ಸುಮ್ನೆ ಇದ್ದುಬಿಡಿ. ಅಷ್ಟೂ ಆಗಲ್ವಾ ನಿಮ್ಮ ಕೈಲಿ?” ಎಂದು ನನ್ನ ಕಾಲಿಗೇ ಬಗ್ಗಿದರು. ನಾನು ಗಾಬರಿಯಾಗಿ ಹಿಡಿದು ಎತ್ತಿದೆ. ಅಷ್ಟು ಗಟ್ಟಿ ಹೆಂಗಸು ಅಳುವುದನ್ನು ನೋಡಲಾಗಲಿಲ್ಲ. “ಅವರ ಹತ್ರ ವಕೀಲರಿದ್ದಾರೆ, ಲಾರಿಗಳಿವೆ. ನಮ್ಮ ಹತ್ರ ಇರೋದು ನಿಮ್ಮ ಹಸಿರೊಂದೇ.”

ಏನೂ ಮಾತು ಕೊಡದೆ ಬಂದೆ. ದುಷ್ಟರು ಸುಳ್ಳು ಹೇಳು ಎಂದಿದ್ದರೆ ಮುಖದ ಮೇಲೆ ಉಗಿದು ಬರುತ್ತಿದ್ದೆ. ಇವರಿಗೆ ಏನು ಹೇಳಲಿ?

ಮಾರ್ಚ್ 27, ಬುಧವಾರ

ನಾಳೆ ವಿಚಾರಣೆ. ಆಸ್ಪತ್ರೆಯಿಂದ ಮನೆಗೆ ಬಂದಿರುವ ಅತ್ತೆ ಮಲಗಿದಲ್ಲಿಂದಲೇ, “ಯಾಕೆ ಮುಖ ಹೀಗೆ ಸುಟ್ಟ ಬದನೆಕಾಯಿ ಹಾಗಾಗಿದೆ?” ಎಂದರು. ಏನಿಲ್ಲ ಎಂದೆ. “ಅವನಿಗೊಂದು ಫೋನಾದ್ರೂ ಮಾಡು” ಎಂದರು. ಮಾಡಿದೆ. ಎತ್ತಿದರು. ಹಿನ್ನೆಲೆಯಲ್ಲಿ ಆ ರೇಡಿಯೋ ಹಾಡುತ್ತಿತ್ತು, ಅದನ್ನೇ ಕೇಳುತ್ತ ಕೂತೆ.

ಮಾರ್ಚ್ 28, ಗುರುವಾರ

ಹಾಲ್ ತುಂಬಿತ್ತು. ಜನ ಗೋಡೆಗೊರಗಿ, ಕಿಟಕಿ ಹತ್ತಿ ನಿಂತಿದ್ದರು. ಎದುರಿಗೆ ಅಧಿಕಾರಿ, ಬಲಕ್ಕೆ ಕಾರ್ಖಾನೆಯ ವಕೀಲ, ಎಡಕ್ಕೆ ಸಮಿತಿಯವರ ಮುಂದೆ ನರ್ಸಮ್ಮ. ಫ್ಯಾನು ಕಟಕಟ ಎನ್ನುತ್ತಿತ್ತು. ನನ್ನನ್ನು ಕರೆದು ವರದಿ ಓದಿ ಎಂದರು. ಓದಿದೆ. ‘ಬಣ್ಣ’ ಎಂಬಲ್ಲಿಯವರೆಗೆ ಬಂದು ನಿಂತುಬಿಟ್ಟೆ. ಮುಂದಿನ ಪದ ಕಣ್ಣಿಗೆ ಕಾಣುತ್ತಿದೆ, ಬಾಯಿಗೆ ಬರುತ್ತಿಲ್ಲ. ಸಾಹೇಬರು ಕೆಮ್ಮಿದರು.

ಆಗ ಹಿಂದಿನ ಸಾಲಿನಲ್ಲಿ ಇವರು ಎದ್ದು ನಿಂತರು. ಬಂದಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. “ಸ್ವಾಮಿ, ತಪ್ಪು ನನ್ನದು. ಬಣ್ಣ ಸುರಿದವನು ನಾನು. ಇವರು ಮನೇಲಿ ಇಲ್ಲದಾಗ ಬೀಗ ತೆಗೆದು ಒಳಗೆ ಹೋಗಿದ್ದೆ. ಪೊಟ್ಟಣದ ಚೀಲ ಮುಟ್ಟಿದ್ದೆ. ಇವರಿಗೆ ಏನೂ ಗೊತ್ತಿರ್ಲಿಲ್ಲ.”

ಎಷ್ಟು ಸಲೀಸಾಗಿ ಸುಳ್ಳು ಹೇಳಿದರು! ನನಗಾಗಿ, ಆ ಜನರ ಮುಂದೆ, ತನ್ನ ಮಾನ ತಾನೇ ಕಳೆದುಕೊಳ್ಳುತ್ತ. ನನಗೆ ಸಿಟ್ಟು ಬಂತು.

“ಸುಳ್ಳು,” ಎಂದೆ. “ನಾನು ಮನೇಲೇ ಇದ್ದೆ. ಅತ್ತೆ ಬಿದ್ದಿದ್ರು, ನಾನೇ ಕರೆದೆ, ಬಾಗಿಲು ತೆಗೆದದ್ದೂ ನಾನೇ. ಖಾಲಿ ಪೊಟ್ಟಣ ಹೊಳೆದದ್ದು ಹಸಿರು ಬಂದ ಮರುದಿನವೇ ಗೊತ್ತಾಯ್ತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ. ಆ ಹಸಿರನ್ನ ಲೆಕ್ಕಕ್ಕೆ ತಗೋಬೇಡಿ.”

ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಯಾರೋ ‘ದುಡ್ಡು ತಿಂದಿದ್ದಾಳೆ’ ಎಂದರು. ಹಣ್ಣಿನ ಅಂಗಡಿಯವನು ನನ್ನನ್ನು ನೋಡಿ ಮುಖ ತಿರುಗಿಸಿದ. ನರ್ಸಮ್ಮ ತಲೆ ಎತ್ತಲೇ ಇಲ್ಲ.

“ಹಾಗಾದ್ರೆ ಕ್ವಾರಿ ನೀರು ಒರತೆಗೆ ಬರುತ್ತೋ, ಇಲ್ವೋ?” ಎಂದರು ಅಧಿಕಾರಿ.

“ಗೊತ್ತಿಲ್ಲ.”

“ಗೊತ್ತು ಮಾಡಿಕೊಳ್ಳೋಕೆ ಬೇರೆ ದಾರಿ ಇದೆಯಾ?”

“ಇದೆ. ಅದಕ್ಕೆ ಬಣ್ಣ ಬೇಡ. ಬಿಸಿಲಲ್ಲಿ ನಿಂತ ನೀರಿಗೆ ಅದರದೇ ಗುರುತಿರುತ್ತೆ.”

ವಕೀಲ ನಕ್ಕ. “ಈ ಸಲ ಯಾರ ಕೈಯಿಂದ ಮೇಡಂ?”

“ಯಾರ ಕೈಯಾದ್ರೂ ಸರಿ. ಆ ಗುರುತು ಕೈಗೆ ಅಂಟಲ್ಲ. ನೀವೇ ಬೇಕಾದ್ರೆ ತುಂಬಿಸಿಕೊಡಿ.”

ಅಧಿಕಾರಿ ಏಪ್ರಿಲ್ ಹದಿನೆಂಟರವರೆಗೆ ಗಡುವು ಕೊಟ್ಟರು. ಎಲ್ಲರ ಎದುರಿಗೆ ಬಾಟಲಿ ತುಂಬಬೇಕು, ಮೊಹರು ಹಾಕಬೇಕು. ಅಷ್ಟರಲ್ಲಿ ಪುರಾವೆ ಬಾರದಿದ್ದರೆ ಅನುಮತಿ. ಸಾಹೇಬರು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ನನ್ನ ಮಾನ ಹರಾಜು ಹಾಕಿದರು. ಕೇಳಿಸಿಕೊಂಡೆ.

ಇವರು ಸೂಟ್‌ಕೇಸು ಹಿಡಿದು ಮನೆಗೆ ಬಂದಿದ್ದಾರೆ. ಕಾಯಲು ಇನ್ನು ಪೊಟ್ಟಣವೇ ಇಲ್ಲವಲ್ಲ. ಟವೆಲು ಮಂಚದ ಮೇಲಿದೆ. ಇರಲಿ.

ಮಾರ್ಚ್ 30, ಶನಿವಾರ

ಮೂರು ಕಡೆ ನೀರು ತುಂಬಿದೆವು. ಒಂದು ಕ್ವಾರಿ ಹೊಂಡ, ಇನ್ನೊಂದು ಬೆಟ್ಟದ ಆಚೆ ಮಗ್ಗುಲಿನಲ್ಲಿ ಬರೀ ಮಳೆ ನೀರು ಕುಡಿದು ಹರಿಯುವ ಒರತೆ, ಮತ್ತೆ ನಮ್ಮ ಊರಿನ ಒರತೆ. ನಮ್ಮ ಒರತೆ ಆಚೆಯದರ ಹಾಗೇ ಇದ್ದರೆ ಕ್ವಾರಿ ನೀರು ಬರುತ್ತಿಲ್ಲ. ಅದರ ಅಂಕಿ ಹೊಂಡದ ಕಡೆಗೆ ಎಷ್ಟು ವಾಲಿದರೆ ಅಷ್ಟು ಪಾಲು ಬರುತ್ತಿದೆ.

ಹೊಂಡವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಊರಿನ ಲಾರಿಗಳನ್ನೆಲ್ಲ ತೊಳೆಯುವುದು ಅಲ್ಲೇ. ನೀರಿನ ಮೇಲೆ ಎಣ್ಣೆಯ ಪೊರೆ, ಒಂದು ಮೂಲೆಯಲ್ಲಿ ಸತ್ತ ನಾಯಿ ಉಬ್ಬಿಕೊಂಡು ತೇಲುತ್ತಿತ್ತು.

ಊರಿನ ಪರವಾಗಿ ಬಾಟಲಿ ತುಂಬಲು ನರ್ಸಮ್ಮನೇ ಬಂದರು. ನನ್ನ ಜೊತೆ ಮಾತಿಲ್ಲ. ಬಾಟಲಿಯೊಳಗೆ ಒಂದು ಗುಳ್ಳೆಯೂ ಉಳಿಯಬಾರದು, ಉಳಿದರೆ ಒಳಗೇ ಆವಿಯಾಗಿ ಲೆಕ್ಕ ಕೆಡುತ್ತದೆ ಎಂದು ವಕೀಲನ ಕಡೆಯ ಗುಮಾಸ್ತನಿಗೆ ಹೇಳುವವಳಂತೆ ಹೇಳಿದೆ. ನರ್ಸಮ್ಮ ಬಾಟಲಿಯನ್ನು ನೀರೊಳಗೇ ಮುಳುಗಿಸಿ ಇಂಜೆಕ್ಷನ್‌ಗೆ ಹೊಡೆಯುವ ಹಾಗೆ ಬೆರಳಿನಿಂದ ಟಕ್ ಟಕ್ ಎಂದು ಹೊಡೆದರು. ಗುಳ್ಳೆ ಎದ್ದು ಹೋಯಿತು, ಮುಚ್ಚಳ ತಿರುಗಿಸಿದರು. ಕೊನೆಯ ಬಾಟಲಿ ಕೊಡುವಾಗ, “ಈಗಲಾದ್ರೂ ಸುಮ್ನಿರ್ತೀರಾ, ಇಲ್ಲ ಇದರಲ್ಲೂ ತಪ್ಪು ಹುಡುಕ್ತೀರಾ?” ಎಂದರು.

“ಇದ್ರೆ ಹುಡುಕ್ತೀನಿ.”

ಇವರು ಹಿಂದೆ ನಿಂತು ನಕ್ಕರು. ನಗುವ ಸಮಯವೇ? ಆದರೆ ನರ್ಸಮ್ಮನ ತುಟಿಯೂ ಸ್ವಲ್ಪ ಅಲುಗಿದ ಹಾಗೆ ಕಂಡಿತು.

ಏಪ್ರಿಲ್ 9, ಮಂಗಳವಾರ

ಲ್ಯಾಬಿನಿಂದ ಸುದ್ದಿಯಿಲ್ಲ. ಬೆಟ್ಟದ ಬುಡದಲ್ಲಿ ಕಾರ್ಖಾನೆಯ ಲಾರಿಗಳು ಟಾರ್ಪಾಲು ಹೊದ್ದು ಸಾಲಾಗಿ ನಿಂತಿವೆ. ತರಕಾರಿಯವಳು ನನಗೆ ಸೊಪ್ಪು ಇಲ್ಲ ಎಂದಳು, ಬುಟ್ಟಿ ತುಂಬ ಇಟ್ಟುಕೊಂಡು. ಇವರು ಹೋಗಿ ತಂದರು. ಅವರಿಗೆ ಕೊಟ್ಟಳಂತೆ, “ನೀವು ಪಾಪ” ಅಂತ!

ಏಪ್ರಿಲ್ 17, ಬುಧವಾರ

ಬಂತು. ಈ ಸಲ ಕೂಗಲಿಲ್ಲ. ಅಂಕಿಗಳನ್ನು ಬರೆದು, ಇವರ ಕೈಗೆ ಕೊಟ್ಟು ಬೇರೆಯಾಗಿ ಲೆಕ್ಕ ಹಾಕಿ ಎಂದೆ. ಅವರು ಅಡುಗೆಮನೆಯಲ್ಲಿ ಕೂತರು, ನಾನು ಹಾಲಿನಲ್ಲಿ. ಇಬ್ಬರದೂ ಒಂದೇ ಉತ್ತರ: ನಮ್ಮ ಒರತೆಯ ನೀರಿನಲ್ಲಿ ಮೂರರಲ್ಲೊಂದು ಪಾಲು ಕ್ವಾರಿ ಹೊಂಡದ್ದು. ಸಂಶಯಕ್ಕೆ ಎಡೆಯೇ ಇಲ್ಲ.

ಅತ್ತೆಗೆ ಹೇಳೋಣವೆಂದು ಎದ್ದೆ. ಅವರ ತಲೆದಿಂಬಿನ ಪಕ್ಕ ನೀರಿನ ಲೋಟ ಇತ್ತು, ನಾನೇ ನಲ್ಲಿಯಿಂದ ತುಂಬಿಸಿಟ್ಟದ್ದು. ಆಗ ಹೊಳೆಯಿತು. ಆ ಎಣ್ಣೆ, ಆ ನಾಯಿ. ಲೋಟ ಎತ್ತಿಕೊಂಡು ಬಂದು ಚೆಲ್ಲಿದೆ.

ಏಪ್ರಿಲ್ 18, ಗುರುವಾರ

ಅನುಮತಿ ಇಲ್ಲ ಎಂದರು ಅಧಿಕಾರಿ. ವಕೀಲ ಅಂಕಿಗಳನ್ನು ತಿರುಗಿಸಿ ಮುರುಗಿಸಿ ಕೇಳಿದ. ಬಾಟಲಿಗೆ ಅವನ ಕಡೆಯವನದೇ ಮೊಹರು ಇತ್ತು, ಕೊನೆಗೆ ಕೂತ. ಜನ ಶಿಳ್ಳೆ ಹೊಡೆದರು. ನಾನು ನರ್ಸಮ್ಮನ ಹತ್ತಿರ ಹೋಗಿ, ಹೊಂಡದ ಆ ಕೊಳೆನೀರು ಈಗಾಗಲೇ ನಮ್ಮ ನಲ್ಲಿಗೆ ಬರುತ್ತಿದೆ ಎಂದು ಕಿವಿಯಲ್ಲಿ ಹೇಳಿದೆ. ಅವರ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು.

“ಯಾವಾಗಿಂದ ಮೇಡಂ?”

“ಯಾವಾಗಲೂ ಬರ್ತಾ ಇತ್ತು ಅಂತ ಕಾಣುತ್ತೆ. ಬಿರುಕು ಹೊಸದಲ್ಲ.”

“ಅಂದ್ರೆ ನಾನು ವಾರ್ಡಲ್ಲಿ… ಕೂಸುಗಳಿಗೆ…” ಎಂದು ಅಲ್ಲೇ ಬೆಂಚಿನ ಮೇಲೆ ಕುಸಿದರು. ನಾನೂ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ.

ಎದ್ದ ಮೇಲೆ ಅವರು ಮತ್ತೆ ಅದೇ ನರ್ಸಮ್ಮ. ಅಧಿಕಾರಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿ ಟ್ಯಾಂಕರ್ ತರಿಸುವ ತನಕ ಬಿಡಲಿಲ್ಲ. ಸಂಜೆ ಕೆಳಬೀದಿಯ ನಲ್ಲಿಯ ಹತ್ತಿರ ಎಲ್ಲರನ್ನೂ ಸೇರಿಸಿದರು. ಇವರೂ ನಾನೂ ಪಕ್ಕದಲ್ಲಿ ನಿಂತೆವು. “ಹೊಂಡ ಖಾಲಿ ಮಾಡಿ ಚೊಕ್ಕಟ ಮಾಡೋವರೆಗೆ ಈ ನೀರನ್ನ ಯಾರೂ ಕುಡೀಬಾರ್ದು. ಅಡುಗೆಗೂ ಟ್ಯಾಂಕರ್ ನೀರೇ. ಹೊಂಡದಲ್ಲಿ ಲಾರಿ ತೊಳೆಯೋದು ಇವತ್ತಿಗೇ ಬಂದ್,” ಎಂದರು.

ಶಿಳ್ಳೆ ಹೊಡೆದ ಬಾಯಿಗಳೇ ಕೂಗಾಡತೊಡಗಿದವು. ಲಾರಿ ಗ್ಯಾರೇಜಿನವನು ತುಂಬಿದ ಕೊಡ ಹಿಡಿದು ಮುಂದೆ ಬಂದ. “ಏನಮ್ಮಾ ಇದು ತಮಾಷೆ? ಗೆದ್ವಿ ಅಂತೀರಿ, ಕುಡೀಬೇಡಿ ಅಂತೀರಿ. ಹೋದ ತಿಂಗಳು ಈ ಮೇಡಂ ಬಂತು ಅಂದ್ರು. ಆಮೇಲೆ ಇಲ್ಲ ಅಂದ್ರು. ಈಗ ಮತ್ತೆ ಬಂತು ಅಂತಾರೆ. ಇವರ ಮಾತನ್ನ ಏನಂತ ನಂಬೋದು?”

ನನಗೆ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಅಷ್ಟರಲ್ಲಿ ನರ್ಸಮ್ಮ ಅವನ ಎದುರಿಗೆ ಹೋಗಿ ನಿಂತರು.

“ಅವತ್ತು ಹಾಲ್‌ನಲ್ಲಿ ಎದ್ದು ನಿಂತು, ನನ್ನ ಲೆಕ್ಕ ತಪ್ಪು ಅಂದವರು ಯಾರೋ? ಯಾರಾದ್ರೂ ಕಂಡುಹಿಡಿದಿದ್ರಾ? ಇವರೇ ಹೇಳಿದ್ದು. ಹೇಳ್ಬೇಡಿ ಅಂತ ಕಾಲು ಹಿಡಿದವಳು ನಾನು. ಹೌದಪ್ಪಾ, ನಾನೇ ಹಿಡಿದೆ, ಊರಿಗೋಸ್ಕರ. ಕೇಳ್ಲಿಲ್ಲ. ನೀವೆಲ್ಲ ಸೇರಿ ಉಗಿದ್ರಿ, ಉಗಿಸಿಕೊಂಡ್ರು. ಅವರು ಈಗ ಕುಡೀಬೇಡಿ ಅಂತಿದ್ದಾರೆ. ಇನ್ಯಾರನ್ನ ನಂಬ್ತೀಯ ನೀನು?”

ಅವನು ನನ್ನನ್ನು ನೋಡಿದ, ನರ್ಸಮ್ಮನನ್ನು ನೋಡಿದ. ಆಮೇಲೆ ಕೊಡವನ್ನು ಬಗ್ಗಿಸಿ ನೀರೆಲ್ಲ ಮೋರಿಗೆ ಸುರಿದು, ಹೋಗಿ ಟ್ಯಾಂಕರಿನ ಸಾಲಿನಲ್ಲಿ ನಿಂತ.